ವೈ ಕೀಲಿಯ ಮೇಲಿನ ಗಂಧ

ಮಿತ್ರರೇ, ಇಂದು ಬೆಳಿಗ್ಗೆ ಚನ್ನಪಟ್ಟಣದ ಬೆರಳಚ್ಚು ಅಂಗಡಿಯಲ್ಲಿ ನನ್ನ ಪದಕೋಶ ಇನ್ನೇನು ಅಳಿದೇಹೋಯಿತು ಎನ್ನುವಷ್ಟರಲ್ಲಿ ಉಳಿಯಿತು. ಬೊಂಬೆ ಕಡೆಯುವವರ ಮಾತಿನಿಂದ ವರ್ಷಗಟ್ಟಲೆ ಆಯ್ದು, ಈ ಅಂಗಡಿಯ ಗಣಕಯಂತ್ರಕ್ಕೇ ನೇರವಾಗಿ ಹೇಳಿ ಹೊಡೆಸುತ್ತ ಬಂದ ಪದಗಳವು; ಬೇರೆಲ್ಲೂ ಪ್ರತಿಯಿಲ್ಲ.

ವೈರಸ್ ತುಂಬಿಸಿದ್ದ ಕಸದ ಕಡತಗಳನ್ನು ಅಳಿಸಲೆಂದು ಅಂಗಡಿಯ ಶಿವಲಿಂಗಯ್ಯನವರು ಗಣಕಯಂತ್ರದಲ್ಲಿ ಚಿತ್ರಗಳಿಲ್ಲದ ಕಪ್ಪು ಕಿಟಕಿಯೊಂದನ್ನು ತೆರೆದು, ಆದೇಶವನ್ನು ಅಕ್ಷರಗಳಲ್ಲೇ ಬರೆದರು. "ಎಲ್ಲವನ್ನೂ ಅಳಿಸುವುದು ಖಚಿತವೇ?" ಎಂದು ಯಂತ್ರ ಇಂಗ್ಲಿಷಿನಲ್ಲಿ ಕೇಳಿತು. ಹೌದೆನ್ನಲು ವೈ, ಬೇಡವೆನ್ನಲು ಎನ್ ಒತ್ತಬೇಕು. ಅವರು ವೈ ಒತ್ತಿದರು. ಕೀಲಿ ಅಲುಗಲಿಲ್ಲ. ಗುದ್ದಿದರು, ಆಗಲೂ ಇಲ್ಲ.

"ಇದ್ಯಾಕೆ ಇಳೀತಾನೇ ಇಲ್ವಲ್ಲ?"

"ಮೊನ್ನೆ ಆಯುಧಪೂಜೇಲಿ ಅದ್ರ ಮ್ಯಾಲೆ ಅಷ್ಟೊಂದು ಗಂಧ ಮೆತ್ತುದ್ರೆ ಇನ್ನೇನಾಯ್ತದೆ?" ಎಂದರು ಅವರ ಪತ್ನಿ ಜಯಮ್ಮ, ಒಳಗಿನಿಂದ.

ಅಷ್ಟರಲ್ಲಿ ನಾನು ಕನ್ನಡಕ ಏರಿಸಿಕೊಂಡು ಆದೇಶದ ಸಾಲನ್ನು ಓದಿದೆ. ಅಲ್ಲಿದ್ದುದು ಕಸದ ಕಡತಗಳ ವಿಳಾಸವಲ್ಲ, ನನ್ನ ಪದಕೋಶದ್ದು!

"ಕೈ ತೆಗೆಯಿರಿ!" ಎಂದು ಕೂಗಿದೆ.

"ಅಯ್ಯಯ್ಯೋ, ಒಸಿ ಕಣ್ತಪ್ಪೋಯ್ತು ಮೇಷ್ಟ್ರೇ," ಎನ್ನುತ್ತ ಅವರು ಎನ್ ಒತ್ತಿದರು. ಅದು ಸಲೀಸಾಗಿ ಇಳಿಯಿತು. ನಾನು ಕಡತವನ್ನು ತೆರೆಸಿ ನೋಡಿದೆ. ಪದಗಳೆಲ್ಲ ಇದ್ದಲ್ಲೇ ಇದ್ದವು.

ಜಯಮ್ಮ ಒದ್ದೆ ಬಟ್ಟೆ ತಂದರು. ನಾನು ತಡೆದೆ. "ಪುಸ್ತಕ ಅಚ್ಚಾಗುವವರೆಗೆ ಆ ಗಂಧವನ್ನು ಒರೆಸಬೇಡಿ, ತಾಯಿ."

ಶಿವಲಿಂಗಯ್ಯನವರು ತಲೆ ಕೆರೆದುಕೊಂಡರು. "ಕನ್ನಡದ 'ಯ'ನೂ ಅದೇ ಕೀಲಿಲೇ ಐತಲ್ಲ ಸಾ, ಹೆಂಗೆ ಹೊಡೀಲಿ?"

"ಯಕಾರ ಬರುವಲ್ಲೆಲ್ಲ ಜಾಗ ಬಿಡಿ. ಲೇಖನಿಯಿಂದ ನಾನೇ ತುಂಬುತ್ತೇನೆ."

ದಂಪತಿಗಳಿಬ್ಬರೂ ನಕ್ಕರು. ನಾನು ಹಾಸ್ಯಕ್ಕೆ ಹೇಳಿರಲಿಲ್ಲ.