ಹಿತ್ತಲ ಗೂಡಿನ ಬಟ್ಟಲು

ಸಾಹುಕಾರ ಶಿವಶರಣಪ್ಪನವರು ಮಸ್ಕಿಯ ಬಜಾರದಲ್ಲಿ ಅಸ್ಪೃಶ್ಯತೆ ಅಳಿಯಬೇಕೆಂದು ಭಾಷಣ ಮಾಡಿ ಬಂದ ಸಂಜೆ, ಹೆಂಡತಿ ಕಸ್ತೂರೆಮ್ಮ ಹಿತ್ತಲ ಗೂಡಿನಲ್ಲಿದ್ದ ಹಿತ್ತಾಳೆ ಬಟ್ಟಲನ್ನು ಒಳಗೆ ತಂದಳು. ಅದು ಜೋಳ ಹಸನು ಮಾಡಲು ಬರುವ ಕೆಳಗೇರಿಯ ಕರೆಮ್ಮನಿಗೆಂದೇ ಬೇರೆ ಇಟ್ಟದ್ದು. ದಿನಾ ಚಹಾ ಕುಡಿದು ಅವಳೇ ತೊಳೆದು ಅಲ್ಲೇ ಇಡಬೇಕಿತ್ತು. ಕಸ್ತೂರೆಮ್ಮ ಅದನ್ನು ಮನೆಯ ಬಟ್ಟಲುಗಳ ಜೊತೆಗೇ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಎಲ್ಲವೂ ಒಂದೇ ಥರ ಹೊಳೆದವು.

"ಇದರಾಗ ಆಕೀದು ಯಾವುದು?" ಎಂದ ಗಂಡ ಚಹಾ ಮುಟ್ಟಲಿಲ್ಲ.

"ತಿಕ್ಕಿದಾಕಿಗೇ ಗೊತ್ತಾಗವಲ್ದು. ಗುರ್ತ ಬೇಕಂದ್ರ ನಿಮ್ಮದು ನೀವ ತೊಳಕೊಂಡು ಬ್ಯಾರೆ ಇಟ್ಟುಕೊಳ್ರಿ."

ಚಹಾದ ಚಟ ಬಿಡಲಾಗದ ಶಿವಶರಣಪ್ಪನವರು ಹೊಸ ಬಟ್ಟಲು ತಂದರು. ಉಳಿದವುಗಳಲ್ಲಿ ಬೆರೆಯದಿರಲೆಂದು ದಿನಾ ತಾವೇ ತೊಳೆದು ಹಿತ್ತಲ ಗೂಡಿನಲ್ಲಿಡತೊಡಗಿದರು.

ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತ ಕರೆಮ್ಮ ಕೇಳಿದಳು: "ಯವ್ವಾ, ಸಾವ್ಕಾರ್ರನ್ನ ಯಾಕ ಹೊರಗ ಹಾಕೀರಿ?"

"ಅವರ ಒಳಗ ಬರವಲ್ರು, ನಾ ಏನ ಮಾಡ್ಲಿ" ಎನ್ನುತ್ತ ಕಸ್ತೂರೆಮ್ಮ ಅವಳ ಖಾಲಿ ಬಟ್ಟಲನ್ನು ತೊಳೆಯಲು ಒಯ್ದಳು.