ನಾನು ಮೀಟರೆಂದುಕೊಂಡದ್ದು

ನನ್ನ ಗಂಡ ಮೀಟರನ್ನು ಬಾಯಿಗಿಟ್ಟು ಎಳೆದರು, ಮೂಗಿನಿಂದ ಹೊಗೆ ಬಂತು. ಹೊಗೆಗೆ ಮಾವಿನಹಣ್ಣಿನ ವಾಸನೆ! ಒಲೆಯ ಮೇಲೆ ಶಿರಾ ತಳ ಹಿಡಿಯುತ್ತಿದ್ದರೂ ನಾನು ಸೌಟು ಹಿಡಿದು ಬೆಪ್ಪಾಗಿ ನಿಂತೆ. ಕೆನಡಾಕ್ಕೆ ಬಂದ ಮೇಲೆ ಏನೇನೋ ಕಂಡು ಬೆಚ್ಚಿದ್ದೇನೆ, 2017ರ ಚಳಿಗಾಲದ ಆ ಭಾನುವಾರದಷ್ಟು ಯಾವತ್ತೂ ಇಲ್ಲ.

ಹುಬ್ಬಳ್ಳಿಯಲ್ಲಿ ನಮ್ಮವರು ಮನೆಗಳ ವೈರಿಂಗ್ ಮಾಡುತ್ತಿದ್ದರು. ಓಣಿಯಲ್ಲಿ ಯಾರ ಮನೆಯ ಮಿಕ್ಸರ್ ನರಳಿದರೂ, ವೋಲ್ಟೇಜ್ ಇಳಿದಿದೆಯೆಂದು ಇವರಿಗೇ ಕರೆ. ನಾನು ಕೆನಡಾದ ಕಾಲೇಜು ಸೇರಿದೆನೆಂದು ಅವರೂ ಹಿಂದೆ ಬಂದರು. ಬ್ರ್ಯಾಂಪ್ಟನ್ನಿನ ನಮ್ಮ ಬೇಸ್‌ಮೆಂಟಿನಲ್ಲಿ, ಅಂದರೆ ಯಾರದೋ ಮನೆಯ ನೆಲದಡಿಯ ಎರಡು ಕೋಣೆಗಳಲ್ಲಿ, ದೀಪ ಒಮ್ಮೆಯೂ ಮಿಣುಕುವುದಿಲ್ಲ. ಮಿಣುಕಿದರೂ ಇವರು ವೈರು ಮುಟ್ಟುವಂತಿಲ್ಲ. ಇಲ್ಲಿಯ ಲೈಸೆನ್ಸ್ ಬೇಕು. ವೇರ್‌ಹೌಸಿನಲ್ಲಿ ಪೆಟ್ಟಿಗೆ ಹೊರುತ್ತ, "ಪರೀಕ್ಷಾಕ್ಕ ಓದಾಕತ್ತೀನಿ" ಎನ್ನುತ್ತಿದ್ದರು. ಅವರಿಗೆ ಕಸುಬು ಮರಳಿ ಸಿಗಲಿ ಎಂಬುದೊಂದೇ ನನ್ನ ಬೇಡಿಕೆ. ಕರೆತಂದವಳು ನಾನೇ ತಾನೆ?

ಆ ಬೆಳಿಗ್ಗೆ ಅವರಿನ್ನೂ ಮಲಗಿದ್ದರು. ತೊಳೆಯಲೆಂದು ಜಾಕೆಟ್ ಎತ್ತಿದರೆ ಜೇಬಿನಲ್ಲಿ ಭಾರದ ಡಬ್ಬಿ. ಗುಂಡಿ ಒತ್ತಿದೆ. ಪುಟ್ಟ ಪರದೆಯಲ್ಲಿ ವಾಟ್ಸು, ವೋಲ್ಟು, ಓಮಿನ ಆ ಕುದುರೆ ಲಾಳದ ಗುರುತು! ಹುಬ್ಬಳ್ಳಿಯಲ್ಲಿ ಇವರು ಕರೆಂಟ್ ಅಳೆಯುವ ಮೀಟರಿನ ಮೇಲೆ ನಿತ್ಯ ಕಂಡದ್ದೇ. ತುದಿಯಲ್ಲೊಂದು ಗಾಜಿನ ನಳಿಗೆಯಿತ್ತು. ಇಲ್ಲಿಯ ಮೀಟರಿಗೆ ಅದೂ ಇರುತ್ತದೆಂದುಕೊಂಡೆ. ನಗಬೇಡಿ. ಕೆಲಸ ಸಿಕ್ಕಿದೆ, ಸರ್‌ಪ್ರೈಸ್ ಕೊಡಲೆಂದು ಬಚ್ಚಿಟ್ಟಿದ್ದಾರೆ ಎಂದು ಹಿಗ್ಗಿ, ಹಿಂದುಮುಂದು ನೋಡದೆ ಊರಿಗೆ ಫೋನ್ ಮಾಡಿ ಅತ್ತೆಗೆ ಹೇಳಿಯೇಬಿಟ್ಟೆ. ಆಮೇಲೆ ರವೆ ಹುರಿಯಲು ಇಟ್ಟೆ.

ಅವರು ಎದ್ದು ಬಂದು ಮಾಡಿದ್ದನ್ನು ಆಗಲೇ ಹೇಳಿದೆ.

"ರೀ, ಏನ್ರಿ ಇದು? ಮೀಟರ್ ಅಲ್ಲೇನು?"

"ವೇಪ್ ಅಂತಾರ, ಬ್ಯಾಟರಿ ಸಿಗರೇಟು. ಸಿಗರೇಟ್ ಬಿಡಾಕ ತಗೊಂಡೀನಿ."

ಸಿಗರೇಟ್ ಹಿಡಿದದ್ದೇ ನನಗೆ ಗೊತ್ತಿರಲಿಲ್ಲ!

"ಮತ್ತ ಈ ವೋಲ್ಟು?"

ಕೇಳಿದ್ದೇ ತಡ, ಅವರ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಹುಬ್ಬಳ್ಳಿಯ ವೈರ್‌ಮನ್ ಮಾತಾಡಿದರು. "ನಾ ವಾಟ್ಸ್ ಅಷ್ಟ ಇಡೂದು. ಒಳಗಿನ ಕಾಯಿಲ್ ಅಳದು, ಎಷ್ಟು ವೋಲ್ಟೇಜ್ ಬೇಕಂತ ಇದ ಲೆಕ್ಕಾ ಹಾಕತೈತಿ. ಬ್ಯಾಟರಿ ಇಳದ್ರೂ ಹೊರಗ ಬರೂದು ಇಳಿಯಂಗಿಲ್ಲ. ಬ್ಯಾಟರಿಯಿಂದ ಇನ್ನಷ್ಟು ಕರೆಂಟ್ ಎಳದು ಅಷ್ಟಕ್ಕ ಅಷ್ಟು ಕೊಡತೈತಿ."

"ನಮ್ಮೂರಾಗ ಕರೆಂಟ್ ಹೋಗೂ ಮೊದ್ಲ ಬಲ್ಬ್ ಮಂಕಾಗಿ ಹೇಳತಿತ್ತಲ್ರಿ?"

"ಇದು ಹಂಗ ಹೇಳಂಗಿಲ್ಲ. ಮೂಲ್ಯಾಗಿನ ಬ್ಯಾಟರಿ ಗುರ್ತು ನೋಡ್ಬೇಕು. ನೋಡ್ಲಿಲ್ಲಂದ್ರ, ಕಡೀಕ ಒಮ್ಮೆಲೇ ಬಂದ್."

"ಪರೀಕ್ಷಾ ಎಲ್ಲಿಗೆ ಬಂತು?" ಎಂದೆ.

ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಓದೂದು ಬಿಟ್ಟು ಭಾಳ ದಿನಾತು. ನಿನಗ ಹೆಂಗ ಹೇಳ್ಲಿ ಅಂತ..."

ವಾರವಾರ ಊರಿಗೆ ಫೋನ್ ಮಾಡಿದಾಗ ಇವರದು ಅದೇ ನಗು, ಅದೇ ಉಮೇದು. ಪಕ್ಕದಲ್ಲೇ ಕೂತವಳಿಗೂ ಸುಳಿವಿಲ್ಲ!

"ಅಯ್ಯ, ನಾ ಅತ್ತಿಗೆ ಹೇಳೇಬಿಟ್ಟೀನ್ರಿ, ನಿಮಗ ವೈರಿಂಗ್ ಕೆಲಸ ಸಿಕ್ಕೇತಿ ಅಂತ!"

ಅಷ್ಟರಲ್ಲಿ ಅತ್ತೆಯದೇ ಫೋನ್, ಸ್ಪೀಕರಿಗೆ ಹಾಕಿದೆ. "ಓಣಿಗೆಲ್ಲ ಪೇಢಾ ಹಂಚೀನೋ ಮಗನ! ಕೆಲಸಕ್ಕ ಯಾವಾಗ ಸೇರ್ತಿ?"

ನಿಜ ಹೇಳಲು ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ನಾಳೆ ಸೇರ್ತೀನವ್ವಾ."

ದನಿ, ಆ ಡಬ್ಬಿಯ ಹಾಗೇ, ಒಂದಿಷ್ಟೂ ಇಳಿಯಲಿಲ್ಲ. ನಾನು ಹೆದರಿದ್ದು ಅದಕ್ಕೇ.

ಈಗ ನಮ್ಮವರು ಹುಬ್ಬಳ್ಳಿಯಲ್ಲಿ ಕೆನಡಾದ ಎಲೆಕ್ಟ್ರಿಷಿಯನ್, ಕೆನಡಾದಲ್ಲಿ ಪೆಟ್ಟಿಗೆ ಹೊರುವವರು. ನಾನು ಇಬ್ಬರ ಹೆಂಡತಿ. ಊರಿಗೆ ಯಾವಾಗ ಬರುತ್ತೀರಿ ಎಂದು ಅತ್ತೆ ಕೇಳಿದಾಗಲೆಲ್ಲ, ಯಾರನ್ನು ಕರೆದುಕೊಂಡು ಹೋಗಲಿ ಎಂದು ತಿಳಿಯುವುದಿಲ್ಲ.