ಹೀರೋ ಒದಿಯೂದು ಬಿಟ್ಟ ವರ್ಷ

ನಮ್ಮ ಮನಿಯವರಿಗೆ ಅರವತ್ತು ತುಂಬಿದ ವರ್ಷನ ಅವರ ಹೀರೋ ಕೈ ಕೊಟ್ಟ. ಹೀರೋ ಅಂದ್ರ ಪರದೇಶದವ, ಕರಾಟೆ ಪಿಚ್ಚರಿನವ. ಹರೇದಾಗ ಆಳಂದದ ಒಂದು ವಿಡಿಯೋ ಅಂಗಡ್ಯಾಗ, ತಗಡಿನ ಕೆಳಗ ಕುಂತು, ಅವನ ಪಿಚ್ಚರ್ ಹಿಂದಿ ಮಾತಿನಾಗ ನೋಡಿ ನೋಡಿನ ಇವರು ಕರಾಟೆ ಮಾಸ್ತರ್ ಆಗಿದ್ದು. ಅವನ ಹೆಸರು ಹೇಳಾಕ ಇವತ್ತಿಗೂ ಇವರ ನಾಲಿಗಿ ಹೊಳ್ಳಂಗಿಲ್ಲ, ಆದ್ರ ಅವ ಒದ್ದ ಒದಿಕಿ ಒಂದೂ ಮರ್ತಿಲ್ಲ. ನಮ್ಮ ಲಗ್ನದ ತಾರೀಖು ಮರ್ತಾರ, ಅದು ಬ್ಯಾರೆ ಮಾತು.

ಆ ಹೀರೋ ಒಂದು ದಿನ ಮೊಬೈಲಿನಾಗ ಬಂದು, ವಯಸ್ಸಾತು, ಹೊಡೆದಾಟ ಸಾಕು, ಇನ್ನ ಮುದುಕರ ಪಾರ್ಟು ಮಾಡ್ತೇನಿ ಅಂತ ಹೇಳಿಬಿಟ್ಟ. ನಮ್ಮವರು ಚಾದ ಕಪ್ಪು ಕುಕ್ಕಿ ಇಟ್ಟು, "ಹೇಡಿ!" ಅಂದ್ರು. "ಗಂಡಸಾದವ ಹಿಂಗ ಬಿಟ್ಟು ಓಡ್ತಾನೇನ ಬೇ? ಕಾಲು ಇರೂತನಕ ಒದೀಬೇಕು!" ಹಂಗಂದು ಏಳಾಕ ಹೋದವರು ಒಂದು ಕೈ ಗ್ವಾಡಿಗೆ ಕೊಟ್ರು, ಇನ್ನೊಂದು ನನ್ನ ಹೆಗಲಿಗೆ.

ಮುಂದ ಆ ಹೊಸ ಪಿಚ್ಚರ್ ಬಂತು. ಮೊಬೈಲು ಅಕ್ಕಿ ಡಬ್ಬಿಗೆ ಆನಿಸಿ ಇಟ್ಟು ಇಬ್ಬರೂ ಕುಂತ್ವಿ. ಹೀರೋನ ತಲಿ ಪೂರಾ ಬೆಳ್ಳಗಾಗಿತ್ತು. ಹೆಂಡ್ತಿ ಇಲ್ಲ, ಮೊಮ್ಮಗಳಿಗೆ ಅಡಗಿ ಮಾಡಿ ಹಾಕ್ತಾನ. ಮಗ ಬಂದು ಬಾಯಿಗೆ ಬಂದಂಗ ಬೈದ. "ಈಗ ನೋಡ ಬೇ, ಈಗ ಏಳ್ತಾನ" ಅಂದ್ರು ಇವರು. ಅವ ಎದ್ದ, ಎದ್ದು ಭಾಂಡೆ ತಿಕ್ಕಿದ. ಸಂತಿಯಾಗ ಒಬ್ಬ ಪುಂಡ ಅವನ್ನ ದಬ್ಬಿ ಕೆಡವಿದ. "ಆತು, ಮುಗೀತು ಅವನ ಕಥಿ!" ಅಂತ ನಮ್ಮವರು ತೊಡಿ ತಟ್ಟಿದ್ರು. ಹೀರೋ ಚೆಲ್ಲಿದ ಉಳ್ಳಾಗಡ್ಡಿ ಒಂದೊಂದ ಆರಿಸಿ ಚೀಲದಾಗ ಹಾಕ್ಕೊಂಡು ಮನಿಗೆ ಹೋದ. ಎರಡು ತಾಸು ಹಿಂಗ ನಡೀತು. ಕಡೀಕ ಮೊಮ್ಮಗಳ ಹೆರಳು ಹಾಕಿದ, ಪಿಚ್ಚರ್ ಮುಗೀತು.

ನಾ ಸೆರಗಿಲೆ ಕಣ್ಣು ಒರಸಾಕತ್ತಿದ್ದೆ. ಇವರು ಪಿಚ್ಚರ್ ಹಿಂದಕ ಹಿಂದಕ ಸರಿಸಿ, ಎಲ್ಲೆರ ಒಂದು ಕಡೆ ಒದ್ದಿರಬೇಕು, ನಾವು ನೋಡಿಲ್ಲ ಅಂತ ಹುಡುಕಾಕತ್ತಿದ್ರು. "ಅಳಾಕ ಏನದ ಇದರಾಗ? ಒಂದು ಏಟೂ ಹೊಡಿಲಿಲ್ಲ" ಅಂದ್ರು. ಅದಕ್ಕ ಅಳಾಕತ್ತೇನ್ರಿ ಅಂದೆ. ತಿಳೀಲಿಲ್ಲ ಅವರಿಗೆ.

ಈಗ ಕಲ್ಲಿನ ಕಥಿ ಹೇಳಬೇಕು. ನೆಲಕ್ಕ ಹಾಸೂ ಪರ್ಸಿ ಕಲ್ಲು ಎರಡು ಇಟ್ಟಂಗಿ ಮ್ಯಾಲ ಇಟ್ಟು, ಕೈಲೆ ಒಂದ ಏಟಿಗೆ ಎರಡು ತುಂಡು ಮಾಡೂದು ಇವರ ಹೆಸರಾದ ಆಟ. ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿ ಸಾಲಿ ಗ್ಯಾದರಿಂಗ್ ಆದ್ರೂ ಮಾಸ್ತರ್ ಬರಬೇಕು, ಕಲ್ಲು ಒಡೀಬೇಕು. ಮಂದಿ ಕುಣದಾಡತಿದ್ರು.

ಅದರ ಒಳಗಿನ ಮಾತು ನನಗೊಬ್ಬಾಕಿಗೇ ಗೊತ್ತು. ಪರ್ಸಿ ಕಾಸಿ ಅದರ ಮ್ಯಾಲ ತಣ್ಣೀರು ಸುರುವಿದ್ರ ಒಳಗಿಂದೊಳಗ ಬಿರೀತದ. ನಮ್ಮ ಕಡಿ ಹೆಂಗಸರಿಗೆ ಇದು ಯಾರೂ ಕಲಿಸಬೇಕಾಗಿಲ್ಲ. ಒಲಿ ಬಾಜು ಎಷ್ಟು ಪರ್ಸಿ ಹಿಂಗ ಹಾಳಾಗ್ಯಾವ. ಇವರ ಕೈ ಬಾತಿದ್ದು ನೋಡಲಾರದ ನಾ ಪ್ರತಿ ಸಲ ಕಲ್ಲನ್ನ ನೀರು ಕಾಸೂ ಒಲಿಯಾಗ ಇಟ್ಟು, ಮ್ಯಾಲ ಒಂದು ಕೊಡ ನೀರು ಹಾಕತಿದ್ದೆ. ಮಸಿ ಕಾಣಬಾರದಂತ ತುಂಬ ವಿಭೂತಿ ಬಳೀತಿದ್ದೆ. "ಪೂಜಾ ಮಾಡಿದ ಕಲ್ಲೇ ಒಡೀರಿ, ಛಲೋ ಆಗ್ತದ" ಅಂತಿದ್ದೆ. ಪಾಪ, ಶರಣರಂಗ ಕೈ ಮುಗಿದು ಚೀಲದಾಗ ಇಟ್ಟುಕೊಂಡು ಹೋಗವರು. ಇಪ್ಪತ್ತೆರಡು ವರ್ಷ ನಡೀತು ನನ್ನ ಈ ಕಳ್ಳತನ.

ಪಿಚ್ಚರ್ ನೋಡಿದ ತಿಂಗಳದಾಗ ಅಫಜಲಪುರದ ಒಂದು ಸಾಲಿಯಿಂದ ಕರಿ ಬಂತು. ಅಷ್ಟರಾಗ ಡಾಕ್ಟರ್ ಇವರ ಮುಂಗೈ ಫೋಟೋ ತೆಗೆದು, ಇನ್ನೊಂದು ಜೋರು ಏಟು ಬಿದ್ರ ತುತ್ತು ಎತ್ತಾಕೂ ಬರಂಗಿಲ್ಲ ಅಂದಿದ್ರು. ಬ್ಯಾಡ್ರಿ ಅಂದೆ. "ಆ ಹೇಡಿ ಬಿಟ್ರ ಬಿಡ್ಲಿ, ನಾ ಬಿಡಂಗಿಲ್ಲ" ಅಂದ್ರು. ಹಟಾ ಅಂದ್ರ ಹಟಾ. ಆತು ತಗೋರಿ ಅಂತ ನಾ ಆ ಸಲ ಕಲ್ಲನ್ನ ಮೂರು ಸಲ ಕಾಸಿ, ಮೂರು ಸಲ ನೀರು ಹಾಕಿದೆ. ಇವರು ಊದಿದ್ರೂ ಒಡೀಬೇಕು, ಹಂಗ.

ನಾನೂ ಬೆನ್ನ ಹತ್ತಿ ಹೋದೆ. ಬಸ್ಸು ಒಂದು ಕುಣಿಯಾಗ ಧಡ್ ಅಂತ ಬಿತ್ತು. ಸೀಟಿನ ಕೆಳಗ ಚೀಲದಾಗ ಕಟಕ್ ಅಂತು. ಇಳಿದು ಬಿಚ್ಚಿ ನೋಡಿದ್ರ ಕಲ್ಲು ನಾಕು ತುಂಡು. ನನ್ನ ಅತಿ ಶಾಣೇತನಕ್ಕ ಬೆಂಕಿ ಹಚ್ಚ! "ಈಗಿನ ಕಲ್ಲಿನಾಗೂ ಜೀವ ಇಲ್ಲ ನೋಡ" ಅಂದ್ರು ಇವರು. ಹೆಡ್‌ಮಾಸ್ತರು, "ಚಿಂತಿ ಯಾಕ ಮಾಡ್ತೀರಿ ಸರ್, ಬಾಜು ಮನಿ ಕಟ್ಟಾಕತ್ತಾರ" ಅಂತ ಅಲ್ಲಿಂದ ಹೊಸಾ ಪರ್ಸಿ ತರಿಸೇ ಬಿಟ್ರು. ಎರಡು ಬಟ್ಟು ದಪ್ಪ. ಇಟ್ಟಂಗಿ ಮ್ಯಾಲ ಇಟ್ಟಾಗ ಠಣ್ ಅಂತು. ಬಿರಿದ ಕಲ್ಲು ಹಂಗ ಅನ್ನಂಗಿಲ್ಲ.

ಹಾಡು ಹಚ್ಚಿದ್ರು. ಇವರು ಬಿಳಿ ಡ್ರೆಸ್ ಹಾಕ್ಕೊಂಡು, ನಡಕ್ಕ ಕರಿ ಪಟ್ಟಿ ಬಿಗಿದು ಸ್ಟೇಜಿಗೆ ಬಂದ್ರು. ಉಸಿರು ಎಳದು ಕೈ ಎತ್ತಿದ್ರು. ನಾ ಮುಂದಿನ ಸಾಲಿನಾಗ ಎದ್ದು ನಿಂತು "ರೀ!" ಅಂತ ಒದರಿದೆ. ಅಲ್ಲಿದ್ದ ಗಂಡಸರೆಲ್ಲ ಹೊಳ್ಳಿ ನೋಡಿದ್ರು. ನಮ್ಮವರೊಬ್ಬರು ನೋಡಲಿಲ್ಲ. ಇನ್ನೇನು ಮಾಡ್ಲಿ, ಸೀರಿ ಎತ್ತಿ ಹಿಡಿದು ಸ್ಟೇಜ್ ಹತ್ತಿ ಹೋಗಿ ಕಲ್ಲಿನ ಮ್ಯಾಲ ನನ್ನ ಕೈ ಊರಿದೆ.

"ಹುಚ್ಚು ಹಿಡೀತೇನ ಬೇ? ಸರಿ!" ಅಂತ ಹಲ್ಲು ಕಡದ್ರು.

"ಇದು ಹಸಿ ಕಲ್ಲು" ಅಂದೆ ಕಿವಿಯಾಗ. "ನಮ್ಮ ಕಲ್ಲೆಲ್ಲ ನಾ ಒಲಿಯಾಗ ಕಾಸಿ, ನೀರು ಹಾಕಿ ಕೊಡ್ತಿದ್ದೆ. ಇದಕ್ಕ ಹೊಡೆದ್ರ ಕೈ ಹೋಗ್ತದ್ರಿ."

ಎತ್ತಿದ ಕೈ ಹಂಗ ಇತ್ತು. ಅವರ ಮಾರಿ ನೋಡಾಕ ನನ್ನಿಂದ ಆಗಲಿಲ್ಲ, ಆದ್ರ ಕೈ ಮಾತ್ರ ನಾ ತೆಗೀಲಿಲ್ಲ. ಹಿಂದಿಂದ ಯಾರೋ "ಹೊಡೀರಿ ಸರ್, ಹೊಡೀರಿ!" ಅಂತ ಒದರಾಕತ್ತಿದ್ರು. ಬರ್ತಾ ಬರ್ತಾ ಆ ಕೈ ಕೆಳಗ ಇಳೀತು. ಇಳಿದು ಮೈಕ್ ಹಿಡ್ಕೊಂತು.

"ನನಗ ಒಬ್ಬ ಹೀರೋ ಇದ್ದ" ಅಂದ್ರು. "ವಯಸ್ಸಾತು ಅಂತ ಹೊಡೆದಾಟ ಬಿಟ್ಟ. ನಾ ಅವಗ ಹೇಡಿ ಅಂದಿದ್ದೆ. ಬಿಡಾಕ ಎಷ್ಟು ಗುಂಡಗಿ ಬೇಕು ಅಂತ ಈಗ ಗೊತ್ತಾತು. ಇವತ್ತಿಂದ ನಾನೂ ಬಿಟ್ಟೆ." ಹೆಣ್ಮಕ್ಕಳೆಲ್ಲ ಚಪ್ಪಾಳಿ ಹೊಡೆದ್ರು. ಹೆಡ್‌ಮಾಸ್ತರು ಶಾಲು ಹೊಚ್ಚಿದ್ರು.

ಮೂರು ಗಂಟೆ ಬಸ್ಸಿಗೆ ಹೊಂಟ್ವಿ. ಇವರು ಕಿಟಕಿ ಕಡಿ ಮಾರಿ ಮಾಡಿ ಕುಂತಿದ್ರು. ಬೈದಿದ್ರ ತಡ್ಕೊಂತಿದ್ದೆ. ಕೈ ಉಳೀತು ಖರೆ, ಗಂಡನ್ನ ಮುರಿದೆನಲ್ಲ ಅಂತ ನನಗ ಭಾಳ ಸಂಕಟ ಆತು. ಅರ್ಧ ದಾರಿ ಆದ ಮ್ಯಾಲ ಮೆಲ್ಲಗ ಕೇಳಿದ್ರು:

"ಎಲ್ಲಾ ಕಲ್ಲೂ?"

ಹೂಂ ಅನ್ನಾಕ ಬಾಯಿ ತೆಗೆದೆ. ಅವರ ಕಣ್ಣು ನೋಡಿದೆ.

"ಜೇವರ್ಗಿದೊಂದು ಬಿಟ್ಟು" ಅಂದೆ. "ಆವತ್ತು ಕಟಗಿ ಹಸಿ ಇದ್ವು, ಒಲಿ ಹತ್ತಲೇ ಇಲ್ಲ. ಏನರ ಆಗ್ಲಿ ಅಂತ ಹಂಗ ಕೊಟ್ಟು ಕಳಿಸಿದ್ದೆ. ಅದು ನೀವ ಒಡೆದಿದ್ದು."

ನೆಟ್ಟಗ ಕುಂತ್ರು. "ನನಗ ಆವತ್ತೇ ಅನಿಸಿತ್ತು!" ಅಂದ್ರು. "ಕೈ ಭಾಳ ನೋಯ್ತಿತ್ತು ನೋಡ, ಎರಡು ದಿನ." ಆಮ್ಯಾಲ ಬಾಜು ಕುಂತ ಗುರುತಿಲ್ಲದ ಮುದುಕಪ್ಪಗ ಜೇವರ್ಗಿ ಕಲ್ಲು ಹೆಂಗಿತ್ತು, ಎಷ್ಟು ದಪ್ಪ ಇತ್ತು, ಕೈ ಯಾವ ಕಡಿಯಿಂದ ಬಂತು ಅಂತ ಆಳಂದ ಮುಟ್ಟೂತನಕ ಹೇಳಿದ್ರು. ನಾನೂ "ಹೌದ್ರಿ ಯಪ್ಪಾ, ಖರೆ" ಅಂತ ನಡುನಡು ಸಾಕ್ಷಿ ಹೇಳಿದೆ.

ಜೇವರ್ಗಿ ಕಲ್ಲು ನಮ್ಮ ಒಲಿಯಾಗ ಇದ್ದಾಗನ ಎರಡು ಹೋಳಾಗಿತ್ತು. ಮೈದಾ ಅಂಟು ಹಚ್ಚಿ ಕೂಡಿಸಿ, ಬಿರುಕಿನ ಮ್ಯಾಲ ವಿಭೂತಿ ಬಳದು ಕೊಟ್ಟಿದ್ದೆ.